ಬೆನ್ನು ತಟ್ಟಿದ ಕೈ

ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಭೂಮಾಪಕನಾಗಿ ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಸುತ್ತಿದವನು. ಸ್ಮಶಾನದ ಗಡಿಯನ್ನೂ ಒಬ್ಬನೇ ಅಳೆದು ಬಂದಿದ್ದೇನೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮುದ್ದೇಬಿಹಾಳಕ್ಕೆ ವರ್ಗವಾಗಿ ಬಂದು ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಮದುವೆಯಾಗಿರಲಿಲ್ಲ. ಆ ವರ್ಷ ಮೂರು ಸಲ ಜ್ವರ ಬಂತು, ಕೆಮ್ಮು ಬಿಡಲೇ ಇಲ್ಲ, ಕಫದಲ್ಲಿ ರಕ್ತದ ಗೆರೆ ಕಂಡಿತು. ವಿಜಯಪುರದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಬಲ ಶ್ವಾಸಕೋಶದ ಕೆಳಭಾಗವನ್ನು ಬೆರಳಿಟ್ಟು ತೋರಿಸಿದರು. ಅಲ್ಲಷ್ಟೇ ಗಾಳಿಯ ಕೊಳವೆಗಳು ಹಿಗ್ಗಿ ಕಫ ನಿಂತುಬಿಟ್ಟಿತ್ತು. ಉಳಿದದ್ದೆಲ್ಲ ಶುದ್ಧ.

“ಗುಳಿಗಿ ಕೊಡ್ತೇನಿ. ದಿನಾ ಮಂಚದ ಕಾಲಿನ ಕಡೆ ಎತ್ತರ ಮಾಡಿ ಎಡಮಗ್ಗಲಾಗಿ ಮಲಗ್ರಿ. ಯಾರರ ಅಂಗೈ ಬಟ್ಟಲದಂಗ ಮಾಡಿ ಬೆನ್ನಿನ ಬಲಕ್ಕ ತಟ್ಟಬೇಕು. ಕಫ ಬಂದ್ರ ಬಂತು, ಇಲ್ಲಂದ್ರ ಆ ಭಾಗ ಕೊಯ್ದು ತಗೀಬೇಕಾಗ್ತೈತಿ. ಮನ್ಯಾಗ ತಟ್ಟೋರು ಅದಾರಲ್ರಿ?”

“ಅದಾರ್ರಿ,” ಎಂದೆ. ಯಾರೂ ಇಲ್ಲವೆನ್ನಲು ನಾಚಿಕೆಯಾಯಿತು.

ಮಂಚಕ್ಕೆ ಇಟ್ಟಿಗೆ ಕೊಟ್ಟು ಮಲಗಿದೆ. ನನ್ನ ಕೈ ನನ್ನ ಬೆನ್ನಿಗೆ ಎಟುಕಲಿಲ್ಲ. ಹತ್ತು ದಿನ ಗೋಡೆ ನೋಡುತ್ತ ಮಲಗಿ ಎದ್ದೆ, ಕಫ ಬರಲಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ ಚಿಲಕ ಹಾಕಿಕೊಂಡು ಮಲಗಿದ್ದೆ. ಎಚ್ಚರವಿತ್ತು, ಹೊರಗೆ ಆಟೋದ ಹಾರ್ನ್ ಕೇಳುತ್ತಿತ್ತು. ಡಾಕ್ಟರು ಹೇಳಿದ ಜಾಗದಲ್ಲೇ ಒಂದು ಅಂಗೈ ಮೆಲ್ಲಗೆ ತಟ್ಟತೊಡಗಿತು. ಇನ್ನೊಂದು ಕೈ ನಾನು ಜಾರದಂತೆ ಭುಜ ಹಿಡಿದಿತ್ತು. ಬೆಚ್ಚಗಿತ್ತು. ಹೆದರಿಕೆಯಾಗಲಿಲ್ಲ, ತಿರುಗಿದರೆ ನಿಂತುಬಿಡಬಹುದೆಂದು ಅಲುಗಾಡದೆ ಮಲಗಿದೆ. ಒಮ್ಮೆಲೇ ಕೆಮ್ಮು ಒತ್ತರಿಸಿ, ಮಂಚದ ಪಕ್ಕ ಇಟ್ಟುಕೊಂಡಿದ್ದ ಪಾತ್ರೆಯ ತಳ ಮುಚ್ಚುವಷ್ಟು ಕಫ ಬಿತ್ತು. ತಲೆ ಎತ್ತಿ ನೋಡಿದರೆ ಯಾರೂ ಇಲ್ಲ. ಚಿಲಕ ಹಾಕಿದಂತೆಯೇ ಇತ್ತು.

ಮೂರು ವಾರ ದಿನಕ್ಕೊಮ್ಮೆ ಹೀಗೇ ಆಯಿತು. ಮತ್ತೆ ತಪಾಸಣೆಗೆ ಹೋದಾಗ ಡಾಕ್ಟರು, “ಆಪರೇಷನ್ ಬ್ಯಾಡ್ರಿ, ಭಾಳ ಚಲೋ ಆಗೇತಿ,” ಎಂದರು. ಅಲ್ಲಿ ರೋಗಿಗಳ ಮನೆಯವರಿಗೆ ಬೆನ್ನು ತಟ್ಟುವುದನ್ನು ಕಲಿಸುವ ಹೆಣ್ಣುಮಗಳೊಬ್ಬಳಿದ್ದಳು. ಮನೆಯಲ್ಲಿ ಹೇಗೆ ತಟ್ಟುತ್ತಾರೆಂದು ಕೇಳಿದಳು. ಒಂದು ಕೈ ಭುಜ ಹಿಡಿದಿರುತ್ತದೆ, ಇನ್ನೊಂದು ತಟ್ಟುತ್ತದೆ ಎಂದು ಇದ್ದದ್ದು ಇದ್ದಂತೆ ಹೇಳಿದೆ. ಯಾರ ಕೈಯೆಂದು ನನಗೇ ಗೊತ್ತಿಲ್ಲವೆಂಬುದನ್ನು ಮಾತ್ರ ಹೇಳಲಿಲ್ಲ.

ಅವಳು ನಕ್ಕಳು. “ದೊಡ್ಡೋರಿಗೆ ಎರಡೂ ಕೈಲೆ ತಟ್ತೇವ್ರಿ. ಭುಜ ಹಿಡಕೊಂಡು ಒಂದ ಕೈಲೆ ತಟ್ಟೋದು ಸಣ್ಣ ಕೂಸಿಗೆ. ಯಾರ್ರೀ ಅವರು?”

ನನಗಾಗ ಐವತ್ತೆರಡು ವರ್ಷ. ಎದ್ದು ಬಂದೆ. ಆ ಸಂಜೆಯಿಂದ ಆ ಕೈ ಬರಲಿಲ್ಲ. ಜ್ವರದ ಭ್ರಮೆ ಎನ್ನೋಣವೆಂದರೆ ಆ ದಿನಗಳಲ್ಲಿ ಜ್ವರವೇ ಇರಲಿಲ್ಲ. ಅವಳು ಕೇಳಿದ್ದನ್ನೇ ನಾನೂ ಇಷ್ಟು ವರ್ಷ ಕೇಳಿಕೊಂಡಿದ್ದೇನೆ.