ಬೀಗರೂಟಕ್ಕೊಂದು ಫ್ರೆಂಚ್ ಜಗಳ

ನಮ್ಮ ಮಾವ ಬೋರೇಗೌಡರು ಸಿನಿಮಾ ನೋಡಬೇಕೆಂದರೆ ಕೈಕಾಲು ತೊಳೆದು, ಟವೆಲನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು, ಹೆಣ್ಣು ನೋಡಲು ಹೋದವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ನಾವು ಟಿವಿಯೊಳಗಿನವರನ್ನು ನೋಡುವ ಹಾಗೆ ಅವರೂ ನಮ್ಮನ್ನು ನೋಡುತ್ತಿರುತ್ತಾರೆ ಎಂಬ ಅನುಮಾನ ಮಾವನಿಗೆ ಕೊನೆಯವರೆಗೂ ಹೋಗಲಿಲ್ಲ. ಟಿವಿಯಲ್ಲಿ ಯಾರಾದರೂ ಊಟಕ್ಕೆ ಕೂತರಂತೂ ಮುಗಿಯಿತು, ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. “ಉಣ್ಣೋರ್ ಮುಂದೆ ಗಲಾಟೆ ಮಾಡ್ಬಾರ್ದು ಸುಮ್ಕಿರಿ” ಎಂದು ಗದರುತ್ತಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡು ನಕ್ಕಿದ್ದೆ. ಆಮೇಲೆ ನಗುವುದನ್ನು ಬಿಟ್ಟೆ.

ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಬೆಳೆಯುವ ಎಲ್ಲರ ಹಾಗೆ ಅವರೂ ಒಬ್ಬ ರೈತರು. ಆದರೆ ಜನರನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ಒಂದು ಸ್ವಂತ ವಿಧಾನವಿತ್ತು. ಕೇರಳದ ಶುಂಠಿಯವನೊಬ್ಬ ನಮ್ಮ ಹೊಲವನ್ನು ಗುತ್ತಿಗೆಗೆ ಕೇಳಲು ಬರುತ್ತಾನೆ ಎಂದು ಗೊತ್ತಾದಾಗ ಇವರು ಒಂದು ವಾರ ಕೂತು ಮಲಯಾಳಂ ಸಿನಿಮಾಗಳನ್ನೇ ನೋಡಿದರು. ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಅಲ್ಲಿನವರು ಕರೀ ಟೀ ಕುಡಿದು ಮುಗಿಸುವವರೆಗೆ ಮುಖ್ಯವಾದ ಮಾತು ತೆಗೆಯುವುದಿಲ್ಲ ಎಂದು ಕಂಡುಹಿಡಿದರು. ಶುಂಠಿಯವನು ಬಂದಾಗ ಹಾಲಿಲ್ಲದ ಟೀ ಕೊಟ್ಟು, ಲೋಟ ಬರಿದಾಗುವವರೆಗೆ ತುಟಿ ಬಿಚ್ಚಲಿಲ್ಲ. ಆ ಮನುಷ್ಯ ಅದಕ್ಕೇ ಕರಗಿಹೋದ. ಅವತ್ತಿನಿಂದ ಮಾವನಿಗೆ ತಮ್ಮ ವಿಧಾನದ ಮೇಲೆ ಅಪಾರ ನಂಬಿಕೆ. “ಪುಸ್ತಕ್ದಾಗೆ ಬರೀ ಒಳ್ಳೇದೇ ಬರ್ದಿರ್ತಾರೆ ಕಣವ್ವ. ಜನ ಎಂಗೆ ಅಂತ ಗೊತ್ತಾಗ್ಬೇಕಾದ್ರೆ ಸಿನಿಮಾನೇ ನೋಡ್ಬೇಕು.”

ಇಂಥವರ ಮಗಳು ಶೋಭಾ, ಅಂದರೆ ನನ್ನ ನಾದಿನಿ, ಅಂತರಸಂತೆಯ ಕಾಡಂಚಿನಲ್ಲಿ ಆನೆಗಳ ಓಡಾಟ ಗಮನಿಸುವ ಕೆಲಸಕ್ಕೆ ಸೇರಿ, ಅಲ್ಲಿಗೇ ಬಂದಿದ್ದ ಜೂಲಿಯನ್ ಎಂಬ ಫ್ರಾನ್ಸಿನ ಹುಡುಗನನ್ನು ಮದುವೆಯಾಗುತ್ತೇನೆ ಅಂದಳು. ಮನೆಯಲ್ಲಿ ಅಳು, ಕೂಗಾಟ, ಊಟ ಬಿಡುವುದು ಎಲ್ಲವೂ ಶಾಸ್ತ್ರೋಕ್ತವಾಗಿ ನಡೆದು ಮುಗಿಯಿತು. ಹುಡುಗನ ಬಗ್ಗೆ ಮಾವನಿಗೆ ಚಿಂತೆಯಿರಲಿಲ್ಲ. ಅವನು ಅಂತರಸಂತೆಯಲ್ಲಿ ಕನ್ನಡ ಕಲಿತಿದ್ದ, ಮುದ್ದೆ ನುಂಗುತ್ತಿದ್ದ, ಕೇಳಿದರೆ “ಚೆನ್ನಾಗಿವ್ನಿ ಮಾವ” ಅನ್ನುತ್ತಿದ್ದ. ಚಿಂತೆಯೆಲ್ಲ ಅವನ ತಾಯಿಯದು. ಮದುವೆಯಾದ ಮೇಲೆ ಶೋಭಾ ಹೋಗಿ ಇರಬೇಕಾದದ್ದು ಆಯಮ್ಮನ ಮನೆಯಲ್ಲಿ. ವಿಡಿಯೋ ಕಾಲಿನಲ್ಲಿ ನೋಡಿದರೆ ಆಯಮ್ಮ ಸುಮ್ಮನೆ ನಗುತ್ತಿದ್ದರು. ಏನು ಕೇಳಿದರೂ ನಗು, ತಲೆಯಾಡಿಸುವುದು, ಬಹಳ ಸಂತೋಷ ಎಂದು ಮಗನ ಬಾಯಲ್ಲಿ ಹೇಳಿಸುವುದು.

ನಮಗೆಲ್ಲ ಅದು ಸಮಾಧಾನದ ವಿಷಯ. ಮಾವ ಮಾತ್ರ ಆ ನಗು ನೋಡಿ ನೋಡಿ ಬಡವಾದರು.

“ಬೀಗ್ತಿ ಬರೀ ನಗ್ತಾಳೆ ಅಂದ್ರೆ ಇನ್ನೂ ನಮ್ಮುನ್ನ ಒಳೀಕೆ ಬುಟ್ಕೊಂಡಿಲ್ಲ ಅಂತ ಕಣವ್ವ. ಅಷ್ಟ್ ದೂರ್ದಾಗೆ ನನ್ ಮಗ್ಳಿಗೆ ಬೈಯಾಕೆ ಅಂತ ಒಬ್ರು ಬೇಕು. ಬೈಯೋರೇ ಇಲ್ದಿದ್ರೆ ಅವ್ಳು ನೆಂಟ್ರ ಮನೇಲ್ ಇದ್ದಂಗೇ ಇರ್ಬೇಕಾಯ್ತದೆ ಸಾಯೋಗಂಟ.”

ಹೀಗೆಂದವರೇ ಜೂಲಿಯನ್‌ಗೆ ಫೋನು ಹಚ್ಚಿಸಿ, ನಿಮ್ಮ ಜನರನ್ನು ತಿಳಿಯಲು ಯಾವ ಸಿನಿಮಾ ನೋಡಬೇಕಪ್ಪ ಎಂದು ಕೇಳಿದರು. ಅವನು ಪಾಪ, ಸಂತೋಷದಿಂದ ಒಂದು ಪೆನ್‌ಡ್ರೈವ್ ತುಂಬ ತಂದುಕೊಟ್ಟ. ಸಬ್‌ಟೈಟಲ್ ಇಂಗ್ಲಿಷಿನಲ್ಲಿತ್ತು. ಹುಣಸೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ಪಾಪಕ್ಕೆ ಅದನ್ನು ಓದಿ ಕನ್ನಡದಲ್ಲಿ ಹೇಳುವ ಕರ್ಮ ನನ್ನ ತಲೆಗೆ ಬಂತು. ಭಾನುವಾರ ಬಟ್ಟೆ ಒಗೆಯುವುದು ಬಿಟ್ಟು ನಾನು ಟಿವಿ ಪಕ್ಕ ಕೂತು ಪುರಾಣ ಓದುವವರ ಹಾಗೆ ಓದುತ್ತಿದ್ದೆ.

ಮೊದಲ ಸಿನಿಮಾದಲ್ಲಿ ಒಬ್ಬ ಗಂಡಸು ಉದ್ದನೆಯ ಬ್ರೆಡ್ಡೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಊರೆಲ್ಲ ತಿರುಗಿದ. ಕವರಿಲ್ಲ, ಪೇಪರಿಲ್ಲ. ನಡೆಯುತ್ತಲೇ ಅದರ ತುದಿ ಮುರಿದು ತಿಂದ. ಆಮೇಲೆ ಕಿಟಕಿ ಹತ್ತಿರ ನಿಂತ. ನಿಂತೇ ಇದ್ದ.

“ಓದವ್ವ.”

“ಓದೋಕೆ ಏನೂ ಇಲ್ಲ ಮಾವ. ಸುಮ್ನೆ ನಿಂತವ್ನೆ.”

“ಯಾಕಂತೆ?”

“ಗೊತ್ತಿಲ್ಲ.”

ಸಿನಿಮಾ ಮುಗಿಯಿತು. ಏನಾಯಿತು ಎಂದು ಅವರು ಕೇಳಿದರು. ಏನೂ ಆಗಲಿಲ್ಲ ಎಂದೆ. ನನಗೆ ತಲೆ ಕೆಟ್ಟಿತ್ತು. ಮಾವ ಮಾತ್ರ ಗಂಭೀರವಾಗಿ ತಲೆಯಾಡಿಸಿ, “ಸರಿಯಾಗೇ ತೆಗ್ದವ್ರೆ. ಮನೇಲೂ ಅಂಗೇ ತಾನೆ? ದಿನಾ ಏನಾಯ್ತದೆ?” ಅಂದರು.

ಎರಡನೆಯದು ಅವರ ಕಣ್ಣು ತೆರೆಸಿದ ಸಿನಿಮಾ. ಒಂದು ಕುಟುಂಬದವರೆಲ್ಲ ಮರದ ನೆರಳಲ್ಲಿ ಮೇಜು ಹಾಕಿಕೊಂಡು ಮಧ್ಯಾಹ್ನದ ಊಟಕ್ಕೆ ಕೂರುತ್ತಾರೆ. ಸಿನಿಮಾ ಮುಗಿಯುವವರೆಗೂ ಏಳುವುದಿಲ್ಲ. ಅಣ್ಣ ತಮ್ಮನಿಗೆ ಬೈಯುತ್ತಾನೆ, ಮಗಳು ತಾಯಿಗೆ ಬೈಯುತ್ತಾಳೆ, ಅಳಿಯ ಎದ್ದು ಹೋಗಿ ಚೀಸ್ ಬಂದಾಗ ವಾಪಸ್ ಬರುತ್ತಾನೆ. ಅಲ್ಲಿಯವರೆಗೆ ಎಲ್ಲರ ಹತ್ತಿರವೂ ನಯವಾಗಿ ಮಾತಾಡುತ್ತಿದ್ದ ಹೊಸ ಸೊಸೆಗೂ ಅತ್ತೆ ಕೊನೆಯಲ್ಲಿ ಚೆನ್ನಾಗಿ ಬೈಯುತ್ತಾಳೆ. ಸೊಸೆ ನಗುತ್ತಾಳೆ. ಅತ್ತೆ ಅವಳ ತಟ್ಟೆಗೆ ಇನ್ನಷ್ಟು ಬಡಿಸುತ್ತಾಳೆ.

ಮಾವ ತೊಡೆ ತಟ್ಟಿಕೊಂಡರು. “ಸಿಕ್ತು! ಉಣ್ಣಾಗ ಜಗಳ ಆಡ್ದೆ ಎದ್ರೆ ಅವ್ರಿಗೆ ಉಂಡಂಗೇ ಆಗಾಕಿಲ್ಲ ಕಣವ್ವ. ಯಾರ್ನ ಬೈತಾರೋ ಅವ್ರೇ ಮನೆಯೋರು. ನಾವು ಮರ್ಯಾದೆ ಮಾಡೀ ಮಾಡೀ ಆಯಮ್ಮುನ್ನ ದೂರ ಇಟ್ಟಿವಿ.”

“ಅಯ್ಯೋ ಮಾವ, ಅದು ಕತೆ” ಎಂದರೆ, “ಕರೀ ಟೀನೂ ಕತೇನೇ ಆಗಿತ್ತು” ಅಂದರು.

ಮದುವೆ ಹುಣಸೂರಿನ ಛತ್ರದಲ್ಲಿ ಸಾಂಗವಾಗಿ ಆಯಿತು. ಮಾರನೆಯ ದಿನ ನಮ್ಮ ಮನೆಯ ಮುಂದೆ ಶಾಮಿಯಾನ ಹಾಕಿ ಬೀಗರೂಟ. ಅಷ್ಟು ಹೊತ್ತಿಗೆ ಮಾವ ತಮ್ಮ ಭಾವಮೈದ, ಮಿರ್ಲೆಯ ಜವರಪ್ಪನವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಜಗಳದ ತಾಲೀಮು ನಡೆಸಿದ್ದರು. ಮುದ್ದೆ ಗಂಟಾಗಿದೆ ಎಂದು ಜವರಪ್ಪ ಹೇಳಬೇಕು. ಗದ್ದೆ ಊರಿನ ಅನ್ನ ತಿನ್ನೋರಿಗೆ ಮುದ್ದೆ ಏನು ಗೊತ್ತು ಎಂದು ಮಾವ ಹೇಳಬೇಕು. ಮೂರು ಮಾತು ಆದಮೇಲೆ ನಕ್ಕು ನಿಲ್ಲಿಸಬೇಕು. ಜವರಪ್ಪನವರು ಹಿಂದೆ ನಾಟಕದಲ್ಲಿ ಭೀಮನ ಪಾರ್ಟು ಮಾಡಿದವರು. ಅದನ್ನು ಯಾರೂ ಯೋಚಿಸಲಿಲ್ಲ.

ಫ್ರಾನ್ಸಿನಿಂದ ಬಂದಿದ್ದ ಬೀಗಿತ್ತಿಯನ್ನು ನಡುವೆ ಕೂರಿಸಿ ಎಲೆ ಹಾಕಿದೆವು. ಮುದ್ದೆ ಬಂತು, ಬೋಟಿ ಗೊಜ್ಜು ಬಂತು, ಚಾಪ್ಸ್ ಬಂತು. ಆಯಮ್ಮ ಎಲ್ಲವನ್ನೂ ನೋಡಿ ನಕ್ಕರು. ಜವರಪ್ಪ ಗಂಟಲು ಸರಿಮಾಡಿಕೊಂಡು, ಶಾಮಿಯಾನದ ಗೂಟ ಅಲ್ಲಾಡುವಂತೆ “ಏನ್ ಭಾವ, ಮುದ್ದೆ ಗಂಟಾಗದಲ್ಲಾ!” ಎಂದು ಕೂಗಿದರು. ಅಡಿಗೆಯವನು ಹೆದರಿ ಸೌಟು ಕೆಳಗೆ ಹಾಕಿದ. ಮಾವ ತಮ್ಮ ಮಾತು ಹೇಳಿದರು. ಎರಡನೆಯದು, ಮೂರನೆಯದೂ ಆಯಿತು. ನಗಬೇಕಾದ ಜಾಗದಲ್ಲಿ ಜವರಪ್ಪ ನಗಲಿಲ್ಲ.

“ನಿನ್ ಮದ್ವೆ ಬೀಗ್ರೂಟ್ದಲ್ಲಿ ನಮ್ ಕಡೆಯೋರ್ಗೆ ಎಲ್ಡ್ನೇ ಸಲ ಚಾಪ್ಸೇ ಬುಡ್ಲಿಲ್ಲ ಕಣ್ ಭಾವ ನೀವು!”

“ಬುಟ್ಟಿದ್ವು ಕಣ್ಲಾ!”

“ಬರೀ ಮೂಳೆ ಬುಟ್ಟಿದ್ರಿ!”

ಇದು ತಾಲೀಮಿನಲ್ಲಿ ಇರಲಿಲ್ಲ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮೂಳೆ ಅವತ್ತು ಹೊರಗೆ ಬಂತು. ಜವರಪ್ಪನವರ ಅಕ್ಕ, ನಮ್ಮ ಅತ್ತೆ, ತಮ್ಮನ ಕಡೆ ಸೇರಿ ಗಂಡನ ಮೇಲೆ ಮುರಿದುಕೊಂಡು ಬಿದ್ದರು. ಮಿರ್ಲೆಯವರು ಒಂದು ಸಾಲು, ಕಟ್ಟೆಮಳಲವಾಡಿಯವರು ಒಂದು ಸಾಲು ಎದ್ದು ನಿಂತರು. ಜೂಲಿಯನ್ ನನ್ನ ಹತ್ತಿರ ಓಡಿಬಂದು “ಏನಾಯ್ತಕ್ಕ?” ಅಂದ. “ನಿನ್ನ ಪೆನ್‌ಡ್ರೈವ್ ಕಣಪ್ಪ” ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಹೋಗಿ ತಾಯಿಯ ಕಿವಿಯಲ್ಲಿ ಹೇಳಿದ.

ಆಯಮ್ಮನ ನಗು ನಿಂತಿತು. ಗೊಜ್ಜಿನ ಕೈಯನ್ನೇ ಎತ್ತಿ ಮಾವನ ಕಡೆ ತೋರಿಸುತ್ತಾ ಶುರುಮಾಡಿದರು ನೋಡಿ, ಅಬ್ಬಬ್ಬಾ! ಎರಡೂ ಸಾಲಿನವರು ಬಾಯಿ ಮುಚ್ಚಿಕೊಂಡು ಕೂತರು. ಜೂಲಿಯನ್ ಅವಸರದಲ್ಲಿ ಕನ್ನಡಕ್ಕೆ ತಿರುಗಿಸಿದ.

“ಅಮ್ಮ ಏಳ್ತಾವ್ರೆ, ಬಂದಾಗ್ಲಿಂದ ಬಡಿಸ್ತಾನೇ ಇದೀರಿ, ಬೇಕಾ ಅಂತ ಒಬ್ರೂ ಕೇಳ್ಲಿಲ್ಲ. ಮುದ್ದೆ ಅಗೀಬ್ಯಾಡಿ ಅಂತೀರಿ. ಅಗೀಬಾರ್ದು ಅಂದ್ರೆ ಬಾಯಿಗ್ಯಾಕೆ ಆಕ್ಕೋಬೇಕು? ಅಮ್ಮನೂ ಬರೋಕ್ ಮುಂಚೆ ಕನ್ನಡ ಸಿನಿಮಾ ನೋಡುದ್ರಂತೆ. ಅದ್ರಲ್ಲಿ ಬಾಯಿ ಬಿಡೋ ಅತ್ತೇರೆಲ್ಲ ಕೆಟ್ಟೋರಂತೆ. ಅದುಕ್ಕೇ ನಗ್ತಾ ಕೂತಿದ್ರಂತೆ. ಕೆನ್ನೆ ನೋಯ್ತದಂತೆ.”

ಮಾವನ ಮುಖ ನೋಡಬೇಕಿತ್ತು. ಕಣ್ಣಲ್ಲಿ ನೀರು. “ಬೈತಾವ್ರೆ! ನಮ್ ಬೀಗ್ತಿ ಬೈತಾವ್ರೆ ಕಣ್ರಪ್ಪೋ!” ಎಂದು ಊರಿಗೆಲ್ಲ ಕೇಳುವ ಹಾಗೆ ಸಾರಿ, ತಾವೇ ಸೌಟು ಹಿಡಿದು ಆಯಮ್ಮನಿಗೆ ಚಾಪ್ಸ್ ಬಡಿಸಲು ಹೋದರು. ಬೇಕಾ ಎಂದು ಈ ಸಲವೂ ಕೇಳಲಿಲ್ಲ. ಅದಕ್ಕೂ ಬೈಸಿಕೊಂಡರು. ಜವರಪ್ಪನವರಿಗೂ ಎಲೆ ತುಂಬ ಬಡಿಸಿದರು, ಆದರೆ ಅವರು ಮೂಳೆಗಳನ್ನು ಆರಿಸಿ ಒಂದೊಂದಾಗಿ ತೋರಿಸುತ್ತಲೇ ಉಂಡರು.

ಶೋಭಾ ಗಂಡನ ಜೊತೆ ಹೊರಟುಹೋದಳು. ಮಾವ ಮೇಲೆ ಗಟ್ಟಿಯಾಗಿದ್ದರೂ ಒಳಗೆ ಅನುಮಾನ ಉಳಿದಿತ್ತು. ನನ್ನನ್ನೇನೋ ಬೈದರು, ನನ್ನ ಮಗಳನ್ನು ಬೈಯುತ್ತಾರೋ ಇಲ್ಲವೋ? ಮಗಳು ಫೋನು ಮಾಡಿದಾಗಲೆಲ್ಲ ಸುತ್ತಿ ಬಳಸಿ ಅದನ್ನೇ ಕೇಳುತ್ತಿದ್ದರು. ಅವಳು “ತುಂಬ ಚೆನ್ನಾಗಿ ನೋಡ್ಕೋತಾರೆ ಅಪ್ಪ” ಅನ್ನುತ್ತಿದ್ದಳು. ಇವರು ಫೋನಿಟ್ಟು ನಿಟ್ಟುಸಿರು ಬಿಡುತ್ತಿದ್ದರು.

ಎರಡು ವರ್ಷ ಕಳೆದು ಮಾವ ಹಾಸಿಗೆ ಹಿಡಿದರು. ಶ್ವಾಸಕೋಶ ಸೋತಿತ್ತು. ಶೋಭಾ ಬಸುರಿ, ದಿನ ತುಂಬುತ್ತಿತ್ತು, ಬರುವಂತಿರಲಿಲ್ಲ. ಒಂದು ಮಧ್ಯಾಹ್ನ ಅವಳ ವಿಡಿಯೋ ಕಾಲ್ ಬಂತು. ನಾನು ಫೋನನ್ನು ಅವರ ಮುಖದ ಮುಂದೆ ಹಿಡಿದೆ. ಅಪ್ಪನನ್ನು ನೋಡಿ ಅವಳು ಅಳು ನುಂಗಿಕೊಂಡಳು. ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟು, ಸ್ಟೂಲು ಹತ್ತಿ ಮೇಲಿನ ಕಪಾಟಿನಿಂದ ಏನೋ ತೆಗೆಯಲು ಹೋದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು. ಬೀಗಿತ್ತಿ ಬಂದವರೇ ಅವಳ ರಟ್ಟೆ ಹಿಡಿದು ಇಳಿಸಿ, ನಿಂತ ನಿಲುವಿನಲ್ಲೇ ಬೈಯಲು ಶುರುಮಾಡಿದರು. ಹೊಟ್ಟೆ ತೋರಿಸಿ ಬೈದರು, ಸ್ಟೂಲು ಒದ್ದು ಬೈದರು. ಶೋಭಾ ಅರ್ಧ ಫ್ರೆಂಚು, ಅರ್ಧ ನಮ್ಮೂರ ಕನ್ನಡದಲ್ಲಿ ತಿರುಗಿ ಬೈದಳು. “ನಂಗೊತ್ತು ಬುಡತ್ತೆ, ನಾನೇನ್ ಮಗೂನಾ?” ಅಂದದ್ದು ನಮಗೆ ಕೇಳಿಸಿತು.

ನಾನು ಗಾಬರಿಯಾಗಿ, ಕಾಯಿಲೆ ಮನುಷ್ಯನ ಮುಂದೆ ಯಾಕೆ ಎಂದು ಫೋನು ಕಟ್ ಮಾಡಲು ಹೋದೆ. ಮಾವ ನನ್ನ ಕೈ ಹಿಡಿದುಕೊಂಡರು. ಆ ಕೈಯಲ್ಲಿ ಅಷ್ಟು ಬಲ ಉಳಿದಿದ್ದು ನನಗೆ ಗೊತ್ತಿರಲಿಲ್ಲ.

“ಇರ್ಲಿ ಬುಡವ್ವ. ಬೈಯ್ಲಿ.”

ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಂಡರು. ಅವರು ನನ್ನ ಕೈ ಹಿಡಿದೇ ಇದ್ದರು. ಅತ್ತೆ ಸೊಸೆ ಇಬ್ಬರೂ ಸುಸ್ತಾಗಿ ಸುಮ್ಮನಾದ ಮೇಲೆ ಕಣ್ಣು ತೆರೆದು, “ಇನ್ ನಂಗೇನೂ ಯೋಚ್ನೆ ಇಲ್ಲ” ಅಂದರು. ಅದೇ ವಾರ ಹೋಗಿಬಿಟ್ಟರು.