ಐಶ್ವರ್ಯ ಕೊಡುವ ಜಾಗ
ಮಕ್ತಲ್ ಬಸ್ ಸ್ಟ್ಯಾಂಡಿನ ಎದುರು ವೆಬ್‌ಸೈಟ್ ಮಾಡಿಕೊಡುವ ಐಶ್ವರ್ಯಳ ಅಂಗಡಿಗೆ ಬಂದವರಾರೂ ತಾವು ಕೇಳಿದ್ದನ್ನು ಒಯ್ದದ್ದಿಲ್ಲ. ಅವಳು ಸರಿಯೆಂದದ್ದನ್ನೇ ಒಯ್ಯುತ್ತಾರೆ. ಗದ್ವಾಲಿನ ಬೀಜದ ವ್ಯಾಪಾರಿಯಿರಲಿ, ಮದ್ದೂರಿನ ಟ್ಯೂಷನ್ ಮೇಷ್ಟರಿರಲಿ, ಅವಳು ಮೊದಲು ಕೇಳುವುದು, "ನಿಮ್ಮ ಸೈಟಿಗೆ ಒಮ್ಮೆಲೇ ಎಷ್ಟ ಮಂದಿ ಬರ್ತಾರ್ರೀ?" ಉತ್ತರ ಕೇಳುವಾಗ ಕಣ್ಣು ಮುಚ್ಚುತ್ತಾಳೆ, ಬರಲಿರುವವರ ಕಾಲಸಪ್ಪಳ ಅವಳಿಗಾಗಲೇ ಕೇಳಿಸುತ್ತದೆಂದು ನಾರಾಯಣಪೇಟೆಯ ಸೀರೆ ವ್ಯಾಪಾರಿ ಕರಿಬಸಯ್ಯನ ನಂಬಿಕೆ. ಅವನು ಬಂದದ್ದು ತನ್ನ ಸೀರೆಗಳ ಸೈಟಿಗೆ ವಿಪಿಎಸ್ ಎಂಬ ದೊಡ್ಡ ಜಾಗವೇ ಬೇಕೆಂದು. "ನಿಮಗ ಶೇರ್ಡ್ ಹೋಸ್ಟಿಂಗ್ ಸಾಕ್ರಿ ಕಾಕಾ," ಎಂದಳು. "ಒಂದ ಸರ್ವರಿನ್ಯಾಗ ಭಾಳ ಮಂದಿ ಸೈಟು ಕೂಡಿ ಇರ್ತಾವ. ಬಾಜೂದವರ ಕಡೆ ಗದ್ದಲಾದ್ರ ನಿಮ್ದೂ ಸ್ವಲ್ಪ ನಿಧಾನ ಆಗ್ತೈತಿ, ಅಷ್ಟ. ವಿಪಿಎಸ್ಸಿನ್ಯಾಗ ನಿಮ್ಮ ಪಾಲು ನಿಮಗ ಮೀಸಲು, ಖರೆ. ಅಷ್ಟು ಜಾಗ ತೊಗೊಂಡು ಏನ ಮಾಡ್ತೀರಿ?" ದೊಡ್ಡದನ್ನು ಮಾರಲೊಲ್ಲದ ಅಂಗಡಿಯವಳನ್ನು ಅವನು ಬೆರಗಾಗಿ ನೋಡಿದ. "ಮತ್ತ ಅದನ್ನ ಯಾರಿಗೆ ಕೊಡ್ತೀಯವ್ವಾ?" ಅವಳು ತನ್ನ ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದಳು. ಕೃಷ್ಣಾ, ಗುಂಡುಮಾಲ್ ಊರುಗಳ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದವರು ಮನೆಯವರಿಗಾಗಿ ಫೋನಿನಲ್ಲಿ ಆಡಿ ಕಳಿಸಿದ ಮಾತುಗಳನ್ನು ಕಾಪಿಡಲು ಅವಳೇ ನಡೆಸುವ ಸೈಟು ಅದು. "ಫೋನು ಕಳೆದ್ರೂ ದನಿ ಕಳೀಬಾರದು. ಸಂಜಿಮುಂದ ಎಲ್ಲಾ ಮನಿಯವ್ರೂ ಕೂಡೇ ಕೇಳ್ತಾರ, ಇದು ನಿಲ್ಲಂಗಿಲ್ರಿ, ಅದಕ್ಕ ವಿಪಿಎಸ್ ಇದಕ್ಕ ಕೊಟ್ಟೀನಿ." ಸಾಲುಸಾಲು ಹೆಸರುಗಳ ನಡುವೆ ಒಂದರ ಪಕ್ಕ ಹಸಿರು ಚುಕ್ಕಿ ಹೊತ್ತಿತ್ತು. ಅದೇನೆಂದು ಅವನು ಕೇಳಿದ. "ಅದು ಕಿಷ್ಟಪ್ಪನ ದನಿ. ಹೋದ ವರ್ಷ ತೀರಿಕೊಂಡ. ಈಗ ಹೆಂಡ್ತಿ ಮೈಸಮ್ಮ ಕೇಳಾಕತ್ತಾಳ." ಕರಿಬಸಯ್ಯ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆ ಚುಕ್ಕಿ ಆರಿದ ಮೇಲೆ, "ನನಗ ಶೇರ್ಡ್ ಸಾಕವ್ವಾ," ಎಂದ.