ನೂರ ತೊಂಬತ್ತರ ಕೊಡೆ

ಈ ಕೊಡೆಗೆ ನಾನು ಕೊಟ್ಟದ್ದು ನೂರ ತೊಂಬತ್ತು ರೂಪಾಯಿ. ಹರಿಹರದ ಬಸ್ ನಿಲ್ದಾಣದ ಎದುರು ಕೊಡೆ ಹರವಿಕೊಂಡು ಕೂತಿದ್ದ ಸಾಬರು ಮೊದಲು ಹೇಳಿದ್ದು ಮುನ್ನೂರು. ನಾನು ಕಡ್ಡಿಗಳನ್ನು ಎಣಿಸಿದೆ, ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದೆ, ಮೂರು ಸಲ ಬಿಚ್ಚಿ ಮೂರು ಸಲ ಮಡಚಿ ನೂರೈವತ್ತು ಎಂದೆ. ಅವರು ನಕ್ಕು, "ನೂರೈವತ್ತಕ್ಕೆ ಹಿಡಿಕಿ ಕೊಡ್ತೀನಿ ತಂಗಿ, ತಗೊಂಡ್ ಹೋಗು" ಎಂದರು. ಆಗ ಕೊಡೆಯನ್ನು ಮೆಲ್ಲಗೆ ಕೆಳಗಿಟ್ಟು, ಬೆನ್ನು ತಿರುಗಿಸಿ ನಡೆದೆ. ನಾಲ್ಕನೆಯ ಹೆಜ್ಜೆಗೆ ಹಿಂದಿನಿಂದ ಕೂಗು ಬಂತು, "ಬಾಮ್ಮಾ ಬಾ, ನೂರ ತೊಂಬತ್ತು ಕೊಡು."

ಈ ಹೆಜ್ಜೆಗಳ ಮರ್ಮ ನಿಮಗೂ ತಿಳಿದಿರಬಹುದು. ಮೊದಲನೆಯ ಹೆಜ್ಜೆಗೆ ವ್ಯಾಪಾರಿ ನಿಮ್ಮನ್ನು ನಂಬುವುದಿಲ್ಲ, ಎರಡನೆಯದಕ್ಕೆ ಅನುಮಾನಿಸುತ್ತಾನೆ, ಮೂರನೆಯದಕ್ಕೆ ಮನಸ್ಸಿನಲ್ಲೇ ಅಳೆದು ಸುರಿಯುತ್ತಾನೆ, ನಾಲ್ಕನೆಯದಕ್ಕೆ ಕರೆದೇ ಕರೆಯುತ್ತಾನೆ. ಐದನೆಯದನ್ನು ಇಡಬಾರದು, ಇಟ್ಟರೆ ಮರಳಿ ಬರುವ ದಾರಿ ಇಬ್ಬರಿಗೂ ಮುಜುಗರದ್ದು. ಮಲೆಬೆನ್ನೂರಿನ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ನಮ್ಮವ್ವ ಗಿರಾಕಿಗಳ ಹಿಮ್ಮಡಿಯನ್ನೇ ನೋಡುತ್ತ ಈ ಹೆಜ್ಜೆಗಳನ್ನು ಎಣಿಸುವಳು. ಪಕ್ಕದಲ್ಲಿ ಗೋಣಿತಾಟಿನ ಮೇಲೆ ಕೂತು ನಾನು ಕಲಿತ ಮೊದಲ ವಿದ್ಯೆ ಅದು, ಅಕ್ಷರಾಭ್ಯಾಸ ಆಮೇಲಿನದು.

ಕೊಡೆ ಏಕೆ ಬೇಕಾಯಿತೆಂದರೆ, ಸಿವಿಲ್ ಡಿಪ್ಲೊಮಾ ಮುಗಿದ ಆ ಬೇಸಿಗೆಯಲ್ಲಿ ನನಗೆ ದಾವಣಗೆರೆಯಲ್ಲಿ ಆರು ವಾರಗಳ ಇಂಟರ್ನ್‌ಶಿಪ್ ಸಿಕ್ಕಿತ್ತು, ಅದೂ ಬೀದಿ ಸುತ್ತುವ ಕೆಲಸ. ದಾವಣಗೆರೆಯೂ ಒಂದು ಮಹಾನಗರವೇ ಎಂದು ನಗಬೇಡಿ. ಊರಿನ ವಿಸ್ತಾರವನ್ನು ಅಲ್ಲಿಗೆ ಬಂದವರ ಕಾಲುಗಳು ಅಳೆಯಬೇಕೇ ಹೊರತು ಭೂಪಟವಲ್ಲ. ಸಂತೆಯ ದಿನ ಮಾತ್ರ ತುಂಬಿ ಮರುದಿನ ಬರಿದಾಗುವ ಬೀದಿಯನ್ನು ಕಂಡು ಬೆಳೆದವಳಿಗೆ, ದಿನವೂ ತುಂಬಿಯೇ ಇರುವ ಬಟ್ಟೆ ಅಂಗಡಿಗಳ ಸಾಲು, ಬೆಣ್ಣೆ ದೋಸೆಯ ಹೆಂಚಿನ ಮುಂದೆ ತಟ್ಟೆ ಹಿಡಿದು ನಿಂತ ಜನ, ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಮಸುಕಾದ ಆಕಾಶ, ಇವೆಲ್ಲ ಮುಗಿಯದ ಸಂತೆಯಂತೆ ಕಂಡವು.

ಬಾಡಿಗೆ ಉಳಿಯಲೆಂದು ನಾನು ಹರಿಹರದ ಚಿಕ್ಕಮ್ಮನ ಮನೆಯಲ್ಲಿದ್ದೆ. ಬೆಳಿಗ್ಗೆ ತುಂಗಭದ್ರೆಯ ನೀರಿನಲ್ಲಿ ಮಿಂದು ಬಸ್ಸು ಹತ್ತುತ್ತಿದ್ದೆ. ಅದೇ ಹೊಳೆಯ ನೀರು ಅದೇ ಹೊತ್ತಿಗೆ ಕೊಳವೆ ಹಿಡಿದು ದಾವಣಗೆರೆಗೆ ಹೊರಡುತ್ತಿತ್ತು. ನನಗೆ ಟಿಕೆಟ್ಟು, ಅದಕ್ಕಿಲ್ಲ ಎಂಬುದಷ್ಟೇ ವ್ಯತ್ಯಾಸ.

ನನ್ನನ್ನು ತೆಗೆದುಕೊಂಡದ್ದು, ಹಳೆಯ ಬಡಾವಣೆಗಳ ನೀರಿನ ಕೊಳವೆಗಳನ್ನು ನೋಡಿಕೊಳ್ಳುವ ಗುತ್ತಿಗೆ ಹಿಡಿದಿದ್ದ ಒಂದು ಖಾಸಗಿ ಕಚೇರಿ. ಕೊಳವೆಯ ನೀರನ್ನು ಒಂದು ಓಣಿಗೆ ಬಿಟ್ಟು ಇನ್ನೊಂದಕ್ಕೆ ತಡೆಯುವ ವಾಲ್ವುಗಳು ನೆಲದಡಿ ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಗುರುತಿಸಿ ಕೊಡಬೇಕಿತ್ತು. "ಒಂದೂ ಬಿಡದೆ ಗುರುತಿಸಿದರೆ ಮಳೆಗಾಲದಿಂದ ಕೆಲಸ ಖಾಯಂ ಮಾಡ್ತೀರಾ?" ಎಂದು ಮೊದಲ ದಿನವೇ ಎಂಜಿನಿಯರ್ ಸಾಹೇಬರ ಬಾಯಿಂದ ಹೂಂ ಎಂಬ ಮಾತು ಹೊರಡಿಸಿದ್ದೆ. ಅವ್ವನ ಮೊಣಕಾಲು ಆಗಲೇ ಸಂತೆಗೆ ಕೂರಲಾರೆ ಎನ್ನುತ್ತಿತ್ತು. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಆದರೆ ರಸ್ತೆಯ ಮೇಲೆ ರಸ್ತೆ ಹಾಕಿ ಅರ್ಧಕ್ಕರ್ಧ ವಾಲ್ವುಗಳು ಮುಚ್ಚಿಹೋಗಿದ್ದವು. ಅವುಗಳ ನೆಲೆ ಬಲ್ಲವರು ಒಬ್ಬರೇ, ಆನೆಕೊಂಡದ ಹಾಲಪ್ಪ, ದಿನಗೂಲಿಯ ನೀರುಗಂಟಿ. ಎದೆಯುದ್ದದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಓಣಿ ಓಣಿ ತಿರುಗಿ ನೀರು ಬಿಡುವುದು ಅವರ ಕೆಲಸ. ಮೆಣಸಿನಕಾಯಿ ಮಂಡಕ್ಕಿ ಕೊಡಿಸಿ ಮಾತು ತೆಗೆದೆ. ಮೆಣಸಿನಕಾಯಿ ಮುಗಿಯುವವರೆಗೂ ಕೇಳಿಸಿಕೊಂಡು, ಕೈ ಒರೆಸಿಕೊಂಡರು.

"ಎಲ್ಲಾ ನಿನ್ನ ಕಾಗದದಾಗ ಬಂದ ಮ್ಯಾಲೆ ನಾ ಯಾಕ ಬೇಕವ್ವ ಅವರಿಗೆ?"

ನನ್ನ ಬಳಿ ಅವ್ವನ ವಿದ್ಯೆ ಇತ್ತು. "ಆಯ್ತು ಬಿಡ್ರಿ, ಬ್ಯಾರೆಯವರನ್ನ ಕೇಳ್ತೀನಿ" ಎಂದು ಎದ್ದು ನಡೆದೆ. ನಾಲ್ಕು ಹೆಜ್ಜೆಯಾಯಿತು, ಹತ್ತಾಯಿತು, ಓಣಿಯ ತಿರುವೇ ಬಂತು. ಕೂಗಲಿಲ್ಲ. ತಿರುಗಿ ನೋಡಿದರೆ ಆ ಮನುಷ್ಯ ಕೀಲಿಯನ್ನು ನೆಲಕ್ಕೂರಿ, ಅದರ ಹಿಡಿಗೆ ಕಿವಿಯಿಟ್ಟು, ಲೋಕದ ಪರಿವೆಯೇ ಇಲ್ಲದೆ ನಿಂತಿದ್ದರು. ಮಾರಲು ಮನಸ್ಸಿಲ್ಲದವರ ಮುಂದೆ ಚೌಕಾಸಿ ಎಷ್ಟು ಪೆದ್ದಾಗಿ ಕಾಣುತ್ತದೆಂಬುದು ನನಗೆ ಗೊತ್ತಾದದ್ದು ಅಂದೇ.

ಮರುದಿನ ಮತ್ತೆ ಹೋದೆ. ಏನೂ ಕೇಳಲಿಲ್ಲ. ಅವರು ಬಗ್ಗಿ ಕಿವಿಗೊಟ್ಟಾಗ ತಲೆಯ ಮೇಲೆ ಕೊಡೆ ಹಿಡಿದೆ. ಹೀಗೆ ಮೂರು ದಿನ. ಕೊಡ ಇಟ್ಟು ನಲ್ಲಿ ಕಾಯುತ್ತಿದ್ದ ಹೆಂಗಸೊಬ್ಬಳು ಸುಮ್ಮನಿರಲಾರದೆ, "ಏನ್ ಹಾಲಪ್ಪಣ್ಣ, ನೀರು ಬಿಡು ಅಂದ್ರೆ ಛತ್ರಿ ಹಿಡಿಸ್ಕೊಂಡು ಮೆರವಣಿಗಿ ಹೊಂಟೀಯಲ್ಲ" ಎಂದಳು.

"ಮೆರವಣಿಗಿ ಮುಗೀಲಿ, ನಿನ್ನ ಓಣಿಗೂ ಬಿಡ್ತೀನಿ" ಎಂದ ಹಾಲಪ್ಪ, ನನ್ನ ಕಡೆ ತಿರುಗಿ ಕೀಲಿಯ ಹಿಡಿ ತೋರಿಸಿದರು. "ಕಿವಿ ಇಡು. ಏನ್ ಕೇಳ್ತೈತೆ?"

"ಗುಂಯ್ ಅಂತೈತ್ರಿ. ನೀರು ಬಂತೇನ್ರಿ?"

"ಅದು ಗಾಳಿ. ನೀರು ಬಂದ್ರೆ ದನಿ ದಪ್ಪ ಆಗ್ತೈತೆ. ತಡಿ, ಈಗ ನಿಮ್ಮ ಹರಿಹರದ ಹೊಳಿ ಬರ್ತೈತೆ."

ಬಂತು. ನೆಲದೊಳಗಿಂದ ಯಾರೋ ತುಂಬಿದ ಎದೆಯಿಂದ ನಿಟ್ಟುಸಿರಿಟ್ಟಂತೆ ಬಂತು. ಬೆಳಿಗ್ಗೆ ನನ್ನ ಜೊತೆ ಹೊರಟಿದ್ದ ಹೊಳೆ ಇಲ್ಲಿ ನನ್ನ ಕಾಲಡಿಯಲ್ಲೇ ಸಿಕ್ಕಿತ್ತು. ತವರಿನವರು ಪೇಟೆಯಲ್ಲಿ ಎದುರಾದಷ್ಟು ಹಿಗ್ಗಾಯಿತು. ಹಾಲಪ್ಪ ಕೀಲಿಯನ್ನು ಹನ್ನೊಂದು ಸುತ್ತು ತಿರುಗಿಸಿ ನಿಲ್ಲಿಸಿದರು. ಹನ್ನೆರಡು ತಿರುಗಿಸಿದರೆ ಕೆಳಗಿನ ಓಣಿ ಒಣಗುತ್ತದಂತೆ, ಹತ್ತಕ್ಕೇ ಬಿಟ್ಟರೆ ಮೇಲಿನದು ಬೈಯುತ್ತದಂತೆ. ನನಗೆ ಥಟ್ಟನೆ ವ್ಯಾಪಾರ ಹೊಳೆಯಿತು.

"ಹಾಲಪ್ಪಾರೆ, ಜಾಗ ನಂದು, ಸುತ್ತು ನಿಮ್ದು. ನೀವು ಜಾಗ ತೋರಿಸ್ರಿ, ಸುತ್ತು ಎಷ್ಟು ಅಂತ ನಾನು ಎಲ್ಲೂ ಬರಿಯಲ್ಲ."

ಅವರು ಕೀಲಿಯನ್ನು ಹೆಗಲಿಗೇರಿಸುತ್ತ, "ಸೊಪ್ಪು ಮಾರೋರ ಮಗಳು ಅಂದಿದ್ಯಲ್ಲ, ಖರೇ ಐತೆ ಬಿಡು" ಎಂದರು.

ಮುಂದಿನ ನಾಲ್ಕು ವಾರ ನಾನು ಕಂಡ ದಾವಣಗೆರೆಯನ್ನು ಬೇರೆ ಯಾವ ಪ್ರವಾಸಿಯೂ ಕಂಡಿರಲಾರ. ಬೆಣ್ಣೆ ದೋಸೆ ಹೋಟೆಲಿನ ಮೆಟ್ಟಿಲಡಿ ಒಂದು ವಾಲ್ವು, ಸೀರೆ ಅಂಗಡಿಯ ಹುಡುಗಿಯರು ಚಪ್ಪಲಿ ಬಿಡುವ ಕಲ್ಲಿನ ಕೆಳಗೊಂದು, ಭಟ್ಟಿಯ ಹೊಟ್ಟು ಸುರಿಯುವಲ್ಲಿ ಮೊಳ ಆಳದಲ್ಲೊಂದು. ಜನ ಅಂಗಡಿ ಫಲಕ ಓದಿ ಊರು ತಿಳಿಯುತ್ತಾರೆ. ನಾವು ನೆಲ ಓದುತ್ತ ನಡೆದೆವು. ಮಹಡಿಗಳೆಲ್ಲ ಮೇಲುನೋಟದ ಊರು; ಅದರ ಕೆಳಗೆ, ಅಷ್ಟೇ ಬೀದಿಗಳುಳ್ಳ, ಸದ್ದಿಲ್ಲದೆ ದುಡಿಯುವ ಇನ್ನೊಂದು ಊರು. ಮನುಷ್ಯರೂ ಹಾಗೆಯೇ ಅಲ್ಲವೇ? ಒಬ್ಬರ ವಿಳಾಸ ಗೊತ್ತಾದರೆ ಅವರು ಗೊತ್ತಾದಂತೆ ಬೀಗುತ್ತೇವೆ. ಎಷ್ಟು ಸುತ್ತಿಗೆ ತೆರೆದುಕೊಳ್ಳುತ್ತಾರೆ, ಎಷ್ಟರ ಮೇಲೆ ತಿರುಗಿಸಬಾರದು ಎಂಬುದನ್ನು ಪಕ್ಕದಲ್ಲಿ ನಿಂತು, ಕಿವಿಯಿಟ್ಟೇ ಕಲಿಯಬೇಕು.

ಕೊನೆಯ ದಿನ ನಕ್ಷೆಯನ್ನು ಸಾಹೇಬರ ಮೇಜಿನ ಮೇಲೆ ಬಿಡಿಸಿಟ್ಟೆ. ಒಂದೂ ಬಿಟ್ಟಿರಲಿಲ್ಲ. ಅವರು ಮೆಚ್ಚಿ ತಲೆಯಾಡಿಸುತ್ತ ಬಂದು ಒಂದು ಕಾಲಮ್ಮಿನ ಮೇಲೆ ಬೆರಳಿಟ್ಟರು.

"ಸುತ್ತು ಎಷ್ಟು ಅನ್ನೋದು ಖಾಲಿ ಇದೆಯಲ್ಲ?"

"ಅದು ಹಾಲಪ್ಪಾರ ಹತ್ರ ಐತ್ರಿ ಸರ್. ಬರೆಯಲ್ಲ ಅಂತ ಮಾತು ಕೊಟ್ಟೀನಿ. ಅವರನ್ನೇ ಇಟ್ಕೊಳ್ರಿ, ಹೊಸಬರಿಗೆ ಕಲಿಸ್ತಾರೆ."

"ನಿಮ್ಮ ಕೆಲಸದ ಮಾತಾಡೋಣ ಅಂದ್ರೆ ಅವರ ಕೆಲಸದ ಮಾತಾಡ್ತೀರಲ್ಲ."

"ಎರಡೂ ಒಂದೇ ಐತ್ರಿ."

"ಹಂಗಾದ್ರೆ ಎರಡೂ ಕಷ್ಟ" ಎಂದು ಅವರು ಕನ್ನಡಕ ತೆಗೆದಿಟ್ಟರು.

ನಾನು ನಮಸ್ಕಾರ ಮಾಡಿ ಹೊರಟೆ. ಆ ಹೆಜ್ಜೆಗಳಲ್ಲಿ ನಾಟಕವಿರಲಿಲ್ಲ. ಅವ್ವನ ಮೊಣಕಾಲು ಕಣ್ಣ ಮುಂದಿತ್ತು. ಒಂದು, ಎರಡು, ಮೂರು, ನಾಲ್ಕು. ಕರೆಯಲಿಲ್ಲ. ಐದನೆಯದು ಬಾಗಿಲಾಚೆ ಬಿತ್ತು. ಮೆಟ್ಟಿಲಿಳಿಯುತ್ತಿದ್ದಾಗ ಹಿಂದಿನಿಂದ ದನಿ ಬಂತು, "ಏನಮ್ಮಾ, ಕೊಡೆ ಬಿಟ್ಟು ಹೊರಟಿರಲ್ಲ, ಹೊರಗೆ ಬಿಸಿಲು ನೋಡಿದಿರಾ?"

ನಾಚುತ್ತ ಹಿಂದಿರುಗಿದೆ. ಸಾಹೇಬರು ಮೇಜಿನ ಮೇಲಿದ್ದ ಕೊಡೆಯನ್ನು ಚಾಚಿದರು. ನಾನು ಒಂದು ತುದಿ ಹಿಡಿದೆ, ಅವರು ಇನ್ನೊಂದನ್ನು ಬಿಡಲಿಲ್ಲ.

"ಕಲಿಸೋಕೆ ಎಷ್ಟು ದಿನ ಬೇಕು ಆ ಮನುಷ್ಯನಿಗೆ?"

"ಎರಡು ವರ್ಷ ಬೇಕ್ರಿ."

"ಆರು ತಿಂಗಳು."

ಒಮ್ಮೆ ಅಂಕಿ ಬಾಯಿಗೆ ಬಂತೆಂದರೆ ವ್ಯಾಪಾರ ಕುದುರಿತೆಂದೇ ಅರ್ಥ. ಕೊಡೆಯ ಎರಡು ತುದಿ ಹಿಡಿದೇ ಒಂದೂವರೆ ವರ್ಷಕ್ಕೆ ಬಂದು ನಿಂತೆವು. ನನ್ನ ಕೆಲಸದ ಕಾಗದವೂ ಅಂದೇ ಆಯಿತು. ಸುದ್ದಿ ಹೇಳಿದಾಗ ಹಾಲಪ್ಪ, "ನನ್ನನ್ನ ಸೊಪ್ಪಿನ ಕಟ್ಟಿನಂಗ ಮಾರಿ ಬಂದೀಯಲ್ಲವ್ವ" ಎಂದು ಕಣ್ಣೊರೆಸಿಕೊಂಡು, ತುಸು ತಡೆದು, "ಇನ್ನೊಂದಾರು ತಿಂಗಳು ಜಗ್ಗಬೇಕಿತ್ತು" ಎಂದರು. ಆ ಒಂದೂವರೆ ವರ್ಷ ಬೆಳೆದು ನಾಲ್ಕಾಯಿತು. ಕಲಿಯಲು ಹೊಸಬರು ಬರುತ್ತಲೇ ಇದ್ದರು.

ಈಗ ನನಗೆ ಹರಿಹರದಲ್ಲಿ, ಆ ಸಂಬಳದ ಉಳಿತಾಯದಲ್ಲೇ ಹಾಕಿದ, ಪೈಪು, ನಲ್ಲಿ ಸಾಮಾನಿನ ಅಂಗಡಿಯಿದೆ. ಅವ್ವ ಗಲ್ಲಾದ ಪಕ್ಕ ಕುರ್ಚಿಯ ಮೇಲೆ ಕೂತು ಹೊರಟ ಗಿರಾಕಿಗಳ ಹೆಜ್ಜೆ ಎಣಿಸುತ್ತಾಳೆ. ಎರಡು ಕಡ್ಡಿ ಬದಲಿಸಿಕೊಂಡ ಕೊಡೆ ಮೊಳೆಗೆ ನೇತಾಡುತ್ತಿದೆ. ಅಂದು ಅದನ್ನು ಮರೆತಿರದಿದ್ದರೆ ಸಾಹೇಬರು ಕರೆಯುತ್ತಿದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಬೇಕೆಂದೇ ಬಿಟ್ಟಿದ್ದೆ ಎಂದು ಹಾಲಪ್ಪ ನಂಬಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಕರೆಯಲು ಮನಸ್ಸಿದ್ದರೂ ಎಷ್ಟೋ ಜನಕ್ಕೆ ಕರೆಯಲೊಂದು ನೆಪ ಸಿಗುವುದಿಲ್ಲ ಎಂದು ಮಾತ್ರ ಈಗ ಅನ್ನಿಸುತ್ತದೆ.

ಆದ್ದರಿಂದ ಕೇಳಿ. ಹೊಸ ಊರಿಗೆ ಕೆಲಸ ಕಲಿಯಲು ಹೋದರೆ, ಮೊದಲ ವಾರ ಆ ಊರಿನ ನೆಲ ಬಲ್ಲವರೊಬ್ಬರನ್ನು ಹುಡುಕಿಕೊಳ್ಳಿ, ಅವರ ಹಿಂದೆ ಸುಮ್ಮನೆ ನಡೆಯಿರಿ. ಕೊಡೆ ಕೊಳ್ಳುವಾಗ ಕಡ್ಡಿ ಎಣಿಸಿ, ಇಬ್ಬರಿಗೆ ಸಾಲುವಷ್ಟು ಅಗಲದ್ದನ್ನೇ ಆರಿಸಿ. ಮತ್ತೆ, ಮಾತು ಮುರಿದು ಎದ್ದು ಹೋಗಲೇಬೇಕಾದ ದಿನ ಬಂದರೆ ನೆಟ್ಟಗೆ ನಡೆದುಬಿಡಿ, ತಿರುಗಿ ನೋಡಬೇಡಿ. ಕೊಡೆಯನ್ನು ಮಾತ್ರ ಮೇಜಿನ ಮೇಲೆ ಬಿಟ್ಟು ಹೋಗಿ.